ಹುಡುಕಾಟದ ಸಾಫ್ಟ್‌ವೇರ್‌ನಲ್ಲಿ ಒಳಗಿನ ಹೆಸರು ಬದಲಾಯಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಡುಕಾಟದ ಸರ್ವರ್‌ಗಳನ್ನು ನೋಡಿಕೊಳ್ಳುವುದು, ಅವುಗಳ ಪ್ಲಗಿನ್ ಬರೆಯುವುದು ನನ್ನ ಕೆಲಸ. ಕಾಫಿಗೆ ಕೂತಾಗ, ಮೇಲ್‌ನಲ್ಲಿ, ತರಬೇತಿ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಜನ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಒಳಗಿನ ಹೆಸರು ಅಂದರೆ ಕೋಡ್ ಬರೆಯುವವರು ಕ್ಲಾಸ್, ಸೆಟ್ಟಿಂಗ್, ಫೀಲ್ಡ್ ಮುಂತಾದವಕ್ಕೆ ಇಟ್ಟ ಹೆಸರು. ಉದಾಹರಣೆಗಳು ಲೂಸೀನ್ ಎಂಬ ಹುಡುಕಾಟದ ಲೈಬ್ರರಿ ಮತ್ತು ಅದರ ಮೇಲೆ ಕಟ್ಟಿದ ಸರ್ವರ್‌ಗಳಾದ ಸೋಲರ್, ಎಲಾಸ್ಟಿಕ್‌ಸರ್ಚ್ ಮತ್ತು ಓಪನ್‌ಸರ್ಚ್‌ನವು. ಕೋಡ್‌ನಲ್ಲಿ ಬರುವ ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಚುಕ್ಕಿ, ಅಡಿಗೆರೆ ಇರುವ ಕಡೆ ಹಾಗೇ ಉಳಿಸಿದ್ದೇನೆ.

## ಮೊದಲು ಕೇಳುವವು

ಒಳಗಿನ ಹೆಸರು ತಾನೇ? ಎಡಿಟರ್‌ನಲ್ಲಿ ರಿನೇಮ್ ಕೊಟ್ಟು, ಕಂಪೈಲ್ ಆದರೆ ಮುಗೀತು ಅಲ್ವಾ?

ಕಂಪೈಲರ್‌ಗೆ ಕಾಣುವುದು ಇವತ್ತಿನ ಕೋಡ್ ಮಾತ್ರ. ಮೂರು ವರ್ಷದ ಹಿಂದೆ ಡಿಸ್ಕ್‌ಗೆ ಬರೆದ ಇಂಡೆಕ್ಸ್ (ಹುಡುಕಾಟಕ್ಕೆ ಜೋಡಿಸಿಟ್ಟ ಡೇಟಾ) ಅದಕ್ಕೆ ಕಾಣುವುದಿಲ್ಲ. ಪಕ್ಕದ ಯಂತ್ರದಲ್ಲಿ ಇನ್ನೂ ಓಡುತ್ತಿರುವ ಹಳೆಯ ವರ್ಷನ್ ಕಾಣುವುದಿಲ್ಲ. ಯಾರೋ ತಮ್ಮ ಸ್ಕ್ರಿಪ್ಟ್‌ನಲ್ಲಿ ಟೈಪ್ ಮಾಡಿಟ್ಟ ಪದವೂ ಕಾಣುವುದಿಲ್ಲ. ಹುಡುಕಾಟದ ಸಾಫ್ಟ್‌ವೇರ್‌ನಲ್ಲಿ ಈ ಮೂರೂ ಸಿಕ್ಕಾಪಟ್ಟೆ ಇರುತ್ತವೆ. ಅಲ್ಲಿ ಇಂಡೆಕ್ಸ್ ವರ್ಷಗಟ್ಟಲೆ ಬಾಳುತ್ತದೆ, ಕ್ಲಸ್ಟರ್‌ನ (ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪಿನ) ಯಂತ್ರಗಳು ಒಂದೊಂದಾಗಿ ಹೊಸ ವರ್ಷನ್‌ಗೆ ಹೋಗುತ್ತವೆ, ಪ್ರಶ್ನೆಗಳೆಲ್ಲ ಪಠ್ಯದ ರೂಪದಲ್ಲೇ ಬರುತ್ತವೆ.

ಬೆಂಗಳೂರು ಸಿಟಿ ರೈಲು ನಿಲ್ದಾಣವನ್ನೇ ನೋಡಿ. ಅದಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಬಂತು, ಫಲಕ ಬದಲಾಯಿತು, ಘೋಷಣೆ ಬದಲಾಯಿತು. ಟಿಕೆಟ್‌ನಲ್ಲಿ ಬರುವ ನಿಲ್ದಾಣದ ಕೋಡ್ ಮಾತ್ರ ಎಸ್‌ಬಿಸಿ ಎಂದೇ ಉಳಿಯಿತು. ಜನ ಓದುವ ಹೆಸರು ಒಂದು, ಯಂತ್ರ ನೆನಪಿಟ್ಟುಕೊಂಡ ಹೆಸರು ಇನ್ನೊಂದು. ಇವೆರಡನ್ನೂ ಬೇರೆ ಬೇರೆ ಎಂದು ನೋಡುವುದನ್ನು ಕಲಿತರೆ ಅರ್ಧ ಕೆಲಸ ಆದ ಹಾಗೆ.

ಯಾವ ಹೆಸರು ನಿಜವಾಗಿ ಒಳಗಿನದು ಅಂತ ಹೇಗೆ ಗೊತ್ತಾಗುತ್ತೆ?

ನಾನು ಪ್ರತಿ ಹೆಸರಿನ ಬಗ್ಗೆಯೂ ಮೂರು ವಿಷಯ ಕೇಳಿಕೊಳ್ಳುತ್ತೇನೆ. ಇದು ಡಿಸ್ಕ್‌ಗೆ ಹೋಗಿದೆಯಾ? ನೆಟ್‌ವರ್ಕ್ ದಾಟಿದೆಯಾ? ಬೇರೆಯವರ ಕೈಯಲ್ಲಿ ಟೈಪ್ ಆಗಿದೆಯಾ? ಒಂದಕ್ಕೆ ಹೌದು ಎಂದು ಬಂದರೂ ಆ ಹೆಸರು ಇನ್ನು ನಿಮ್ಮೊಬ್ಬರದಲ್ಲ, ಅದೂ ಡೇಟಾ ಆಗಿಬಿಟ್ಟಿದೆ. ಮೂರಕ್ಕೂ ಇಲ್ಲ ಎಂದರೆ ಧೈರ್ಯವಾಗಿ ಬದಲಾಯಿಸಿ, ಯಾರ ಅನುಮತಿಯೂ ಬೇಡ.

ಮೂರನೆಯದನ್ನು ಜನ ಬೇಗ ಮರೆಯುತ್ತಾರೆ. ಲಾಗ್ ಸಾಲಿನಲ್ಲಿರುವ ಪದ, ಮಾನಿಟರಿಂಗ್‌ನ ಮೆಟ್ರಿಕ್ ಹೆಸರು, ಪರಿಸರ ವೇರಿಯಬಲ್, ಕಾಲಂ ತಲೆಬರಹ, ಇವನ್ನೆಲ್ಲ ಯಾರೋ ಎಲ್ಲೋ ಹಿಡಿದುಕೊಂಡಿರುತ್ತಾರೆ. ಓಪನ್‌ಸರ್ಚ್ 2.0ರಲ್ಲಿ ನೋಡ್‌ಗಳ (ಕ್ಲಸ್ಟರ್‌ನ ಸರ್ವರ್‌ಗಳ) ಪಟ್ಟಿ ಕೊಡುವ ಆಜ್ಞೆಯ 'ಮಾಸ್ಟರ್' (ಕ್ಲಸ್ಟರ್ ನಡೆಸುವ ನೋಡ್) ಕಾಲಂ 'ಕ್ಲಸ್ಟರ್_ಮ್ಯಾನೇಜರ್' ಆಯಿತು. ತಲೆಬರಹ ನೋಡಿ ಕಾಲಂ ಹುಡುಕುವ ಶೆಲ್ ಸ್ಕ್ರಿಪ್ಟ್ ಇದ್ದವರಿಗೆ ಅದು ಹೊರಗಿನ ಹೆಸರೇ.

ಇಷ್ಟು ತಾಪತ್ರಯ ಇದ್ದ ಮೇಲೆ ಹೆಸರು ಬದಲಾಯಿಸೋದೇ ಯಾಕೆ? ಹಾಗೇ ಬಿಡಬಾರದಾ?

ಎಷ್ಟೋ ಸಲ ಹಾಗೇ ಬಿಡುವುದೇ ಸರಿ. ಆದರೆ ಬಿಡಲಾಗದ ಸಂದರ್ಭಗಳೂ ಬರುತ್ತವೆ.

ಮನೆ ಬದಲಾಗುವುದು ಒಂದು ಕಾರಣ. ಡಗ್ ಕಟಿಂಗ್ ಬರೆದ ಲೂಸೀನ್ 2001ರಲ್ಲಿ ಅಪಾಚೆಗೆ ಸೇರಿತು. ಆಗ 'ಕಾಮ್.ಲೂಸೀನ್' ಎಂದಿದ್ದ ಪ್ಯಾಕೇಜ್‌ಗಳೆಲ್ಲ 'ಆರ್ಗ್.ಅಪಾಚೆ.ಲೂಸೀನ್' ಆದವು. ಟ್ರೇಡ್‌ಮಾರ್ಕ್ ಇನ್ನೊಂದು ಕಾರಣ. 2021ರ ಜನವರಿಯಲ್ಲಿ ಎಲಾಸ್ಟಿಕ್ ಕಂಪನಿ ತನ್ನ ಪರವಾನಗಿ ಬದಲಾಯಿಸಿತು. ಅಮೆಜಾನ್ ಮುಂದಾಳಾಗಿ 7.10.2 ವರ್ಷನ್‌ನಿಂದ ಓಪನ್‌ಸರ್ಚ್ ಎಂಬ ಕವಲು ಹುಟ್ಟಿತು, ಹಳೆಯ ಹೆಸರು ಬಳಸುವ ಹಾಗಿರಲಿಲ್ಲ. ಮೂರನೆಯದು ಪದದ ಅರ್ಥ. ಮಾಸ್ಟರ್ ಮತ್ತು ಸ್ಲೇವ್ ಎನ್ನುವ ಜೋಡಿ ಪದ ಗುಲಾಮಗಿರಿಯ ನೆನಪು ಹೊತ್ತಿದೆ. ಅದನ್ನು ಬಿಡಬೇಕು ಎಂದು ಸೋಲರ್‌ನವರೂ ಓಪನ್‌ಸರ್ಚ್‌ನವರೂ ತೀರ್ಮಾನಿಸಿದರು. ಇದು ಸರಿಯಾದ ತೀರ್ಮಾನ ಎಂದು ನಾನು ನಂಬುತ್ತೇನೆ. ಇದಕ್ಕೆ ಪಡುವ ಶ್ರಮ ಸಾರ್ಥಕವೇ.

'ಈ ಹೆಸರು ನನಗೆ ಚೆನ್ನಾಗಿ ಕಾಣಲ್ಲ' ಎನ್ನುವುದೊಂದೇ ಕಾರಣವಾದರೆ ಮಾತ್ರ ಸುಮ್ನೆ ಕೈ ಹಾಕಬೇಡಿ.

ಎಲಾಸ್ಟಿಕ್‌ಸರ್ಚ್‌ನಿಂದ ಓಪನ್‌ಸರ್ಚ್ ಆದಾಗ ಏನೇನು ಬದಲಾಯಿತು, ಏನು ಉಳಿಯಿತು?

ಇಷ್ಟು ದೊಡ್ಡ ಪ್ರಮಾಣದಲ್ಲಿ ಎಲ್ಲರ ಕಣ್ಣೆದುರಿಗೇ ನಡೆದ ಹೆಸರು ಬದಲಾವಣೆ ನೋಡಲು ಸಿಗುವುದು ಅಪರೂಪ. 2021ರ ಜುಲೈನಲ್ಲಿ 1.0 ಬಂದಾಗ ಜಾವಾ ಪ್ಯಾಕೇಜ್ 'ಆರ್ಗ್.ಎಲಾಸ್ಟಿಕ್‌ಸರ್ಚ್' ಹೋಗಿ 'ಆರ್ಗ್.ಓಪನ್‌ಸರ್ಚ್' ಆಗಿತ್ತು. ಸಂರಚನೆಯ ಕಡತ ಓಪನ್‌ಸರ್ಚ್.ವೈಎಂಎಲ್ ಆಯಿತು. 'ಇಎಸ್_ಜಾವಾ_ಆಪ್ಟ್ಸ್' ಎಂಬ ಪರಿಸರ ವೇರಿಯಬಲ್ 'ಓಪನ್‌ಸರ್ಚ್_ಜಾವಾ_ಆಪ್ಟ್ಸ್' ಆಯಿತು. ಡೇಟಾವನ್ನು ಚಿತ್ರಗಳಲ್ಲಿ ತೋರಿಸುವ ಕಿಬಾನಾ ಹೋಗಿ ಓಪನ್‌ಸರ್ಚ್ ಡ್ಯಾಶ್‌ಬೋರ್ಡ್ಸ್ ಬಂತು, ಅದಕ್ಕೆ ಕಳಿಸಬೇಕಿದ್ದ 'ಕೆಬಿಎನ್' ಹೆಡರ್ 'ಓಎಸ್‌ಡಿ' ಆಯಿತು. ಪ್ಲಗಿನ್‌ಗಳ ವಿಳಾಸ '_ಓಪನ್‌ಡಿಸ್ಟ್ರೋ' ಇದ್ದದ್ದು '_ಪ್ಲಗಿನ್ಸ್' ಆಯಿತು; ಓಪನ್‌ಡಿಸ್ಟ್ರೋ ಎಂದರೆ ಅದಕ್ಕೂ ಮೊದಲು ಅಮೆಜಾನ್ ಹಂಚುತ್ತಿದ್ದ ಎಲಾಸ್ಟಿಕ್‌ಸರ್ಚ್ ಆವೃತ್ತಿ.

ಉಳಿದದ್ದು ಇನ್ನೂ ದೊಡ್ಡದು. ಹುಡುಕಾಟದ ಪ್ರಶ್ನೆಯ ಭಾಷೆ ಹಾಗೇ ಇತ್ತು. 9200, 9300, 5601 ಪೋರ್ಟ್‌ಗಳು ಹಾಗೇ ಇದ್ದವು. ಡಿಸ್ಕ್ ಮೇಲಿನ ಇಂಡೆಕ್ಸ್ ಬದಲಾಗಲಿಲ್ಲ. ನೋಡ್‌ಗಳು ಪರಸ್ಪರ ಕರೆಯುವ ಕ್ರಿಯೆಗಳ ಹೆಸರೂ ಹಾಗೇ ಉಳಿಯಿತು. ಹಾಗಾಗಿಯೇ 7.10.2ರ ಕ್ಲಸ್ಟರ್ ಅನ್ನು ನಿಲ್ಲಿಸದೆ, ಒಂದೊಂದೇ ನೋಡ್ ಬದಲಾಯಿಸುತ್ತಾ ಓಪನ್‌ಸರ್ಚ್‌ನ 1.0 ಸಾಲಿನ ವರ್ಷನ್‌ಗೆ ಹೋಗಲು ಸಾಧ್ಯವಾಯಿತು. ಸಾಲುಗಟ್ಟಲೆ ಕೋಡ್‌ನಲ್ಲಿ ಹೆಸರು ಬದಲಾದರೂ ಬಳಸುವವರು ಬರೆದಿದ್ದ ಪ್ರಶ್ನೆಗಳು ಒಂದಕ್ಷರ ಬದಲಾಗದೆ ಓಡಿದವು.

ನಮ್ಮ ಕ್ಲಸ್ಟರ್‌ನಲ್ಲಿ ಇನ್ನೂ ಓಪನ್‌ಡಿಸ್ಟ್ರೋ ಅಂತ ಶುರುವಾಗೋ ಇಂಡೆಕ್ಸ್ ಕಾಣಿಸ್ತಿದೆ. ಹಳೆಯ ಕಸ ಇರಬೇಕು, ಅಳಿಸಲಾ?

ದಯವಿಟ್ಟು ಅಳಿಸಬೇಡಿ. '.ಓಪನ್‌ಡಿಸ್ಟ್ರೋ_ಸೆಕ್ಯೂರಿಟಿ' ಎಂಬ ಇಂಡೆಕ್ಸ್‌ನಲ್ಲಿ ನಿಮ್ಮ ಬಳಕೆದಾರರು, ಪಾತ್ರಗಳು, ಅನುಮತಿಗಳೆಲ್ಲ ಇವೆ. ಅಳಿಸಿದರೆ ಯಾರೂ ಒಳಗೆ ಬರಲಾಗುವುದಿಲ್ಲ. ಓಪನ್‌ಸರ್ಚ್ ಆದ ಮೇಲೂ ಈ ಹೆಸರನ್ನು ಬೇಕೆಂದೇ ಉಳಿಸಿದ್ದಾರೆ, ಯಾಕೆಂದರೆ ಅದು ಸಾವಿರಾರು ಕ್ಲಸ್ಟರ್‌ಗಳ ಡಿಸ್ಕ್ ಮೇಲೆ ಆಗಲೇ ಕೂತಿತ್ತು. ಡ್ಯಾಶ್‌ಬೋರ್ಡ್ಸ್ ಬಳಸುವ '.ಕಿಬಾನಾ_1' ಇಂಡೆಕ್ಸ್ ಕಥೆಯೂ ಇದೇ.

## ಸರ್ವರ್ ನೋಡಿಕೊಳ್ಳುವವರು ಕೇಳುವವು

ಸೆಟ್ಟಿಂಗ್ ಹೆಸರು ಬದಲಾಯಿಸುವಾಗ ಹಳೆಯದನ್ನು ಏನು ಮಾಡಬೇಕು?

ಹಳೆಯದನ್ನು ಹೊಸದರ ಹಿಂದೆ ನಿಲ್ಲಿಸಬೇಕು. ಎಲಾಸ್ಟಿಕ್‌ಸರ್ಚ್ ಮತ್ತು ಓಪನ್‌ಸರ್ಚ್ ಕೋಡ್‌ನಲ್ಲಿ ಒಂದು ಸೆಟ್ಟಿಂಗ್ ಘೋಷಿಸುವಾಗ, 'ಇದು ಸಿಗದಿದ್ದರೆ ಅದನ್ನು ಓದು' ಎಂದು ಇನ್ನೊಂದು ಸೆಟ್ಟಿಂಗ್ ತೋರಿಸಬಹುದು. ಓಪನ್‌ಸರ್ಚ್ 2.0ರಲ್ಲಿ 'ರೀಇಂಡೆಕ್ಸ್.ರಿಮೋಟ್.ವೈಟ್‌ಲಿಸ್ಟ್' ಹೋಗಿ 'ರೀಇಂಡೆಕ್ಸ್.ರಿಮೋಟ್.ಅಲೋಲಿಸ್ಟ್' ಬಂದದ್ದು ಹೀಗೆ. ಹೊಸ ಹೆಸರು ಬರೆದಿದ್ದರೆ ಅದರ ಬೆಲೆ, ಇಲ್ಲದಿದ್ದರೆ ಹಳೆಯದರ ಬೆಲೆ, ಅದೂ ಇಲ್ಲದಿದ್ದರೆ ಮೂಲ ಬೆಲೆ (ಡಿಫಾಲ್ಟ್). ಅಲರ್ಟಿಂಗ್ ಪ್ಲಗಿನ್‌ನಲ್ಲೂ 'ಓಪನ್‌ಡಿಸ್ಟ್ರೋ.ಅಲರ್ಟಿಂಗ್' ಸೆಟ್ಟಿಂಗ್‌ಗಳು ಹೀಗೆಯೇ 'ಪ್ಲಗಿನ್ಸ್.ಅಲರ್ಟಿಂಗ್' ಹಿಂದೆ ನಿಂತವು.

ಮೂಲ ಬೆಲೆಯನ್ನು ಎರಡು ಕಡೆ ಬರೆಯಬೇಡಿ. ಹೊಸ ಸೆಟ್ಟಿಂಗ್‌ಗೆ ಅದರದ್ದೇ ಮೂಲ ಬೆಲೆ ಕೊಟ್ಟರೆ, ಹಳೆಯ ಹೆಸರಿನಲ್ಲಿ ಬಳಕೆದಾರ ಬರೆದ ಬೆಲೆಯನ್ನು ಯಾರೂ ಕೇಳುವುದೇ ಇಲ್ಲ. ದೋಷವೂ ಬರುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ನಾನು ಕಂಡ ತಪ್ಪುಗಳಲ್ಲಿ ಹುಡುಕಲು ಅತಿ ಕಷ್ಟವಾದದ್ದು ಇದೇ.

ಹಳೆಯದು, ಹೊಸದು ಎರಡೂ ಹೆಸರು ಒಟ್ಟಿಗೆ ಬಂದರೆ ಯಾವುದು ಗೆಲ್ಲಬೇಕು?

ಸೆಟ್ಟಿಂಗ್ ಕಡತದಲ್ಲಿ ಹೊಸದು ಗೆದ್ದರೆ ಪರವಾಗಿಲ್ಲ. ಅಲ್ಲಿ ಎರಡೂ ಇರುವುದು ಸಹಜ, ಬದಲಾವಣೆಯ ಮಧ್ಯದಲ್ಲಿ ಜನ ಎರಡನ್ನೂ ಬರೆದಿಟ್ಟುಕೊಳ್ಳುತ್ತಾರೆ. ಆದರೆ ಒಂದು ವಿನಂತಿಯೊಳಗೆ ಎರಡೂ ಬಂದರೆ ಕೇಳಿದವರ ಮನಸ್ಸಲ್ಲಿ ಏನಿದೆ ಎಂದು ಊಹಿಸಬೇಡಿ. 'ಮಾಸ್ಟರ್_ಟೈಮ್‌ಔಟ್' ಮತ್ತು 'ಕ್ಲಸ್ಟರ್_ಮ್ಯಾನೇಜರ್_ಟೈಮ್‌ಔಟ್' ಎರಡನ್ನೂ ಕಳಿಸಿದರೆ, ಒಂದನ್ನು ಮಾತ್ರ ಬಳಸಿ ಎಂದು ಓಪನ್‌ಸರ್ಚ್ ವಾಪಸ್ ಕಳಿಸುತ್ತದೆ. ಒಂದೇ ನೋಡ್‌ಗೆ ಮಾಸ್ಟರ್ ಮತ್ತು ಕ್ಲಸ್ಟರ್ ಮ್ಯಾನೇಜರ್ ಎರಡೂ ಪಾತ್ರ ಕೊಟ್ಟರೂ ನೋಡ್ ಏಳುವುದಿಲ್ಲ.

ಉತ್ತರ ಕಳಿಸುವಾಗ ಲೆಕ್ಕ ಉಲ್ಟಾ. ಅಲ್ಲಿ ಎರಡೂ ಹೆಸರು ಕೊಡುವುದು ಒಳ್ಳೆಯದು. 2.0ರ ಕ್ಲಸ್ಟರ್ ಆರೋಗ್ಯದ ಉತ್ತರದಲ್ಲಿ 'ಡಿಸ್ಕವರ್ಡ್_ಮಾಸ್ಟರ್' ಮತ್ತು 'ಡಿಸ್ಕವರ್ಡ್_ಕ್ಲಸ್ಟರ್_ಮ್ಯಾನೇಜರ್' ಎರಡೂ ಅಕ್ಕಪಕ್ಕ ಇರುತ್ತವೆ. ಓದುವವರು ತಮಗೆ ಗೊತ್ತಿರುವುದನ್ನು ಓದಿಕೊಳ್ಳುತ್ತಾರೆ.

ಲಾಗ್‌ನಲ್ಲಿ ಎಚ್ಚರಿಕೆ ಹಾಕಿದರೂ ಯಾರೂ ಓದಲ್ಲ. ಏನು ಮಾಡೋದು?

ಲಾಗ್ ಓದುವವರು ಒಬ್ಬರು, ಹಳೆಯ ಹೆಸರು ಬಳಸುವವರು ಇನ್ನೊಬ್ಬರು. ಹಾಗಾಗಿ ಎಚ್ಚರಿಕೆಯನ್ನು ಬಳಸಿದವರಿಗೇ ವಾಪಸ್ ಕಳಿಸಬೇಕು. ಎಲಾಸ್ಟಿಕ್‌ಸರ್ಚ್ ಮತ್ತು ಓಪನ್‌ಸರ್ಚ್ ಎಚ್‌ಟಿಟಿಪಿ ಉತ್ತರದಲ್ಲೇ 299 ಸಂಖ್ಯೆಯ 'ವಾರ್ನಿಂಗ್' ಹೆಡರ್ ಹಾಕುತ್ತವೆ. ಪರೀಕ್ಷೆಯ ಪರಿಸರದಲ್ಲಿ ಈ ಹೆಡರ್ ಬಂದರೆ ಬಿಲ್ಡ್ ಫೇಲ್ ಆಗುವ ಹಾಗೆ ನಿಮ್ಮ ಕ್ಲೈಂಟ್ ಹೊಂದಿಸಿಕೊಳ್ಳಿ. ಅಪ್‌ಗ್ರೇಡ್ ಮಾಡುವ ರಾತ್ರಿ ನೆಮ್ಮದಿಯಾಗಿರುತ್ತೀರಿ.

ಫೀಲ್ಡ್ ಹೆಸರು ತಪ್ಪಾಗಿ ಇಟ್ಟುಬಿಟ್ಟಿದ್ದೇವೆ. ಡೇಟಾ ಎಲ್ಲ ಮತ್ತೆ ಹಾಕದೆ ಸರಿ ಮಾಡಬಹುದಾ?

ಹೊರನೋಟಕ್ಕೆ ಇದು ಸುಲಭ ಎನಿಸುತ್ತದೆ. ಲೂಸೀನ್‌ನಲ್ಲಿ ಪ್ರತಿ ಸೆಗ್ಮೆಂಟ್‌ಗೂ (ಇಂಡೆಕ್ಸ್‌ನ ಒಂದೊಂದು ತುಂಡಿಗೂ) ಫೀಲ್ಡ್‌ಗಳ, ಅಂದರೆ ದಾಖಲೆಯ ಅಂಶಗಳ, ಪಟ್ಟಿಯ ಒಂದು ಚಿಕ್ಕ ಕಡತ ಇರುತ್ತದೆ. ಹೆಸರಿಗೆ ಒಂದು ಸಂಖ್ಯೆ ಸಿಗುವುದು ಅಲ್ಲೇ. ಉಳಿದ ಕಡತಗಳು ಆ ಸಂಖ್ಯೆಯನ್ನೇ ಬಳಸುತ್ತವೆ. ಹಾಗಾದರೆ ಪಟ್ಟಿಯಲ್ಲಿ ಹೆಸರು ತಿದ್ದಿದರೆ ಸಾಕಲ್ವಾ ಎಂದು ತುಂಬ ಜನ ಕೇಳುತ್ತಾರೆ. ಸಾಲದು. ಕಡತದ ಕೊನೆಯಲ್ಲಿ ಚೆಕ್‌ಸಮ್ ಇದೆ, ಕಡತ ತಿದ್ದಿದರೆ ಅದು ತಾಳೆಯಾಗುವುದಿಲ್ಲ. ಪ್ರತಿ ಸೆಗ್ಮೆಂಟ್‌ನಲ್ಲೂ ತಿದ್ದಬೇಕು. ಅದಕ್ಕಿಂತ ಮುಖ್ಯವಾಗಿ, ಎಲಾಸ್ಟಿಕ್‌ಸರ್ಚ್ ಮೂಲ ದಾಖಲೆಯನ್ನು ಜೇಸನ್ ರೂಪದಲ್ಲಿ '_ಸೋರ್ಸ್' ಒಳಗೆ ಇಡುತ್ತದೆ, ಹಳೆಯ ಹೆಸರು ಅಲ್ಲಿ ಪ್ರತಿ ದಾಖಲೆಯಲ್ಲೂ ಬರೆದಿರುತ್ತದೆ. '_ಫೀಲ್ಡ್_ನೇಮ್ಸ್' ಎನ್ನುವ ಒಳ ಫೀಲ್ಡ್‌ನಲ್ಲಂತೂ ಕೆಲವು ಫೀಲ್ಡ್‌ಗಳ ಹೆಸರೇ ಹುಡುಕುವ ಪದವಾಗಿ ಕೂತಿರುತ್ತದೆ. ಲೂಸೀನ್‌ನಲ್ಲಿ ಫೀಲ್ಡ್ ಹೆಸರು ಬದಲಾಯಿಸುವ ಅಧಿಕೃತ ದಾರಿ ಇಲ್ಲದಿರುವುದು ಸುಮ್ನೆ ಅಲ್ಲ.

ಕೈಗೆ ಸಿಗುವ ದಾರಿ ಎರಡು. ಓದುವವರಿಗೆ ಮಾತ್ರ ಹೊಸ ಹೆಸರು ಬೇಕಿದ್ದರೆ 'ಅಲಿಯಾಸ್' ಎಂಬ ಫೀಲ್ಡ್ ಬಗೆ ಇದೆ. ಎಲಾಸ್ಟಿಕ್‌ಸರ್ಚ್‌ಗೆ ಇದು 6.4ರಲ್ಲಿ ಬಂತು. ಹೊಸ ಹೆಸರಿನಲ್ಲಿ ಹುಡುಕಬಹುದು, ವಿಂಗಡಿಸಬಹುದು, ಎಣಿಸಬಹುದು. ಆದರೆ ಆ ಹೆಸರಿಗೆ ಬರೆಯಲಾಗುವುದಿಲ್ಲ, '_ಸೋರ್ಸ್'ನಲ್ಲಿ ಅದು ಕಾಣುವುದೂ ಇಲ್ಲ. ದಾಖಲೆಯನ್ನು ಹಾಗೇ ತೆಗೆದು ಪರದೆಗೆ ಹಾಕುವ ಕೋಡ್ ಇದ್ದರೆ ಈ ದಾರಿ ಉಪಯೋಗಕ್ಕೆ ಬರುವುದಿಲ್ಲ.

ಎರಡನೆಯದು ಮರು ಇಂಡೆಕ್ಸ್. ಹೊಸ ಇಂಡೆಕ್ಸ್ ಮಾಡಿ, ಹಳೆಯ ಹೆಸರಿನ ಬೆಲೆ ತೆಗೆದು ಹೊಸ ಹೆಸರಿಗೆ ಇಡುವ ಒಂದು ಸಾಲಿನ ಸ್ಕ್ರಿಪ್ಟ್ ಜೊತೆ ರೀಇಂಡೆಕ್ಸ್ ಓಡಿಸಿ. ಆ ಹೊತ್ತಿನಲ್ಲಿ ಹೊಸ ದಾಖಲೆಗಳು ಬರುತ್ತಿದ್ದರೆ ಎರಡೂ ಇಂಡೆಕ್ಸ್‌ಗೆ ಬರೆಯುವ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ. ಡೇಟಾ ಜಾಸ್ತಿ ಇದ್ದರೆ ಗಂಟೆಗಟ್ಟಲೆ ಹಿಡಿಯುತ್ತದೆ, ಡಿಸ್ಕ್‌ನಲ್ಲಿ ಸುಮಾರು ಎರಡರಷ್ಟು ಜಾಗ ಬೇಕು. ಆದರೂ ಕೊನೆಗೆ ಮನಸ್ಸಿಗೆ ಸಮಾಧಾನ ಕೊಡುವುದು ಈ ದಾರಿಯೇ.

ಇಂಡೆಕ್ಸ್ ಹೆಸರೇ ಬದಲಾಯಿಸಬೇಕಿದ್ದರೆ?

ಅಪ್ಲಿಕೇಶನ್ ಎಂದೂ ಇಂಡೆಕ್ಸ್‌ನ ನಿಜ ಹೆಸರು ಬಳಸದ ಹಾಗೆ ಮೊದಲ ದಿನದಿಂದಲೇ ನೋಡಿಕೊಳ್ಳಿ, ಅಲಿಯಾಸ್ (ಇಂಡೆಕ್ಸ್‌ಗೆ ಇಡುವ ಇನ್ನೊಂದು ಹೆಸರು) ಕೊಡಿ. ಅಲಿಯಾಸ್ ಬದಲಾಯಿಸುವ ಒಂದೇ ವಿನಂತಿಯಲ್ಲಿ ಹಳೆಯದರಿಂದ ತೆಗೆಯುವುದು, ಹೊಸದಕ್ಕೆ ಸೇರಿಸುವುದು ಎರಡನ್ನೂ ಹಾಕಬಹುದು. ಎರಡೂ ಒಂದೇ ಕ್ಷಣದಲ್ಲಿ ಆಗುತ್ತವೆ, ನಡುವೆ ಯಾರಿಗೂ ಖಾಲಿ ಫಲಿತಾಂಶ ಸಿಗುವುದಿಲ್ಲ.

ಕನ್ನಡ ಪಠ್ಯಕ್ಕೆ ಮಾಡಿಕೊಂಡ ಅನಲೈಸರ್ ಹೆಸರು ಬದಲಾಯಿಸಬಹುದಾ? ಪದ ಒಡೆಯುವ ರೀತಿ ಬದಲಾಗ್ತಿಲ್ಲ, ಹೆಸರು ಅಷ್ಟೇ.

ಲೂಸೀನ್‌ನ ಇಂಡಿಕ್ ನಾರ್ಮಲೈಸೇಶನ್ ಫಿಲ್ಟರ್ ಕನ್ನಡ ಲಿಪಿಯನ್ನೂ ನೋಡಿಕೊಳ್ಳುತ್ತದೆ. ಅದನ್ನು ಸೇರಿಸಿ ತಮ್ಮದೇ ಅನಲೈಸರ್ (ಪಠ್ಯವನ್ನು ಪದಗಳಾಗಿ ಒಡೆಯುವ ಭಾಗ) ಕಟ್ಟಿಕೊಂಡವರು ಈ ಪ್ರಶ್ನೆ ಕೇಳುತ್ತಾರೆ. ಇಂಡೆಕ್ಸ್‌ನ ಪದಗಳ ಜೊತೆ ಅನಲೈಸರ್ ಹೆಸರು ಇರುವುದಿಲ್ಲ, ಅದು ನಿಜ. ಆದರೆ ಮ್ಯಾಪಿಂಗ್‌ನಲ್ಲಿ, ಅಂದರೆ ಫೀಲ್ಡ್‌ಗಳ ವಿವರಣೆಯಲ್ಲಿ, ಇರುತ್ತದೆ. ಇರುವ ಫೀಲ್ಡ್‌ನ 'ಅನಲೈಸರ್' ಮೌಲ್ಯವನ್ನು ಬದಲಾಯಿಸಲು ಸರ್ವರ್ ಬಿಡುವುದಿಲ್ಲ. ಎರಡು ಹೆಸರಿನ ಹಿಂದೆ ಒಂದೇ ಫಿಲ್ಟರ್ ಸಾಲು ಇದೆ ಎನ್ನುವುದನ್ನು ಅದು ಪರಿಶೀಲಿಸಲು ಹೋಗುವುದಿಲ್ಲ. ಹುಡುಕುವಾಗ ಬಳಸುವ 'ಸರ್ಚ್_ಅನಲೈಸರ್' ಮಾತ್ರ ಬದಲಾಯಿಸಬಹುದು. ಹಾಗಾಗಿ ಹಳೆಯ ಇಂಡೆಕ್ಸ್‌ನಲ್ಲಿ ಹಳೆಯ ಹೆಸರೇ ಇರಲಿ. ಇಂಡೆಕ್ಸ್ ಟೆಂಪ್ಲೇಟ್‌ನಲ್ಲಿ ಹೊಸ ಹೆಸರು ಹಾಕಿ, ಮುಂದಿನ ಇಂಡೆಕ್ಸ್‌ನಿಂದ ಅದು ಬರಲಿ.

## ಕೋಡ್ ಬರೆಯುವವರು ಕೇಳುವವು

ಬರೀ ಒಂದು ಎಕ್ಸೆಪ್ಶನ್ ಕ್ಲಾಸ್ ಹೆಸರು ಬದಲಾಯಿಸಿದ್ದಕ್ಕೆ ಕ್ಲೈಂಟ್ ಯಾಕೆ ಮುರೀತು?

ಆ ಕ್ಲಾಸ್ ಹೆಸರೇ ಹೊರಗೆ ಹೋಗುತ್ತಿತ್ತು, ಅದಕ್ಕೆ. ಎಲಾಸ್ಟಿಕ್‌ಸರ್ಚ್‌ನಲ್ಲಿ ದೋಷದ ಉತ್ತರದಲ್ಲಿ ಬರುವ 'ಟೈಪ್' ಪದವನ್ನು ಯಾರೂ ಕೈಯಿಂದ ಬರೆದಿಲ್ಲ. ಕೋಡ್ ಕ್ಲಾಸ್ ಹೆಸರು ತೆಗೆದುಕೊಂಡು, ಅದರ ಶುರುವಿನಲ್ಲಿ 'ಎಲಾಸ್ಟಿಕ್‌ಸರ್ಚ್' ಇದ್ದರೆ ಅದನ್ನು ಕತ್ತರಿಸಿ, ಉಳಿದದ್ದನ್ನು ಸಣ್ಣಕ್ಷರ ಮತ್ತು ಅಡಿಗೆರೆಗೆ ಬದಲಾಯಿಸುತ್ತದೆ. 'ಎಲಾಸ್ಟಿಕ್‌ಸರ್ಚ್‌ಪಾರ್ಸ್‌ಎಕ್ಸೆಪ್ಶನ್' ಹೊರಗೆ 'ಪಾರ್ಸ್_ಎಕ್ಸೆಪ್ಶನ್' ಆಗಿ ಕಾಣುವುದು ಹೀಗೆ. ಓಪನ್‌ಸರ್ಚ್‌ನಲ್ಲಿ ಕ್ಲಾಸ್ ಹೆಸರು 'ಓಪನ್‌ಸರ್ಚ್‌ಪಾರ್ಸ್‌ಎಕ್ಸೆಪ್ಶನ್' ಆಯಿತು, ಕತ್ತರಿಸುವ ಪದವೂ ಅದಕ್ಕೆ ತಕ್ಕಂತೆ ಬದಲಾಯಿತು. ಹೊರಗಿನ ಪದ ಹಾಗೇ ಉಳಿಯಿತು. ಆ ಒಂದು ಸಾಲು ಮರೆತಿದ್ದರೆ ಎಷ್ಟೋ ಕ್ಲೈಂಟ್‌ಗಳ ದೋಷ ಗುರುತಿಸುವ ಕೋಡ್ ಕುರುಡಾಗುತ್ತಿತ್ತು.

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ನಮ್ಮದೇ ಪ್ಲಗಿನ್‌ನಲ್ಲಿ ಇದೇ ಆಯಿತು. ಕ್ಲಾಸ್‌ಗೆ ಸ್ಪಷ್ಟವಾದ ಹೆಸರು ಕೊಟ್ಟೆ. ಇನ್ನೊಂದು ತಂಡದವರ ಕೋಡ್ ಹಳೆಯ ದೋಷದ ಪದ ಕಂಡರೆ ಮಾತ್ರ ಮತ್ತೆ ಪ್ರಯತ್ನಿಸುತ್ತಿತ್ತು. ಆ ರಾತ್ರಿ ಅವರ ಕೆಲಸ ಅರ್ಧಕ್ಕೇ ನಿಂತಿತು, ಬೆಳಗ್ಗೆ ಅವರಲ್ಲಿ ಕ್ಷಮೆ ಕೇಳಿ ಹಳೆಯ ಪದ ವಾಪಸ್ ತಂದೆ. ಅಂದಿನಿಂದ ಕ್ಲಾಸ್ ಹೆಸರಿನಿಂದ ತಾನಾಗಿ ಹುಟ್ಟುವ ಪದ ಎಲ್ಲೆಲ್ಲಿದೆ ಎಂದು ಮೊದಲು ಹುಡುಕುತ್ತೇನೆ. ಅಂಥ ಕಡೆ ಆ ಪದವನ್ನು ಒಂದು ಸ್ಥಿರ ಸ್ಟ್ರಿಂಗ್ ಆಗಿ ಬರೆದಿಡುತ್ತೇನೆ. ಆಮೇಲೆ ಕ್ಲಾಸ್ ಹೆಸರು ಏನಾದರೂ ಆಗಲಿ.

ನೋಡ್‌ಗಳು ಮಾತಾಡುವಾಗ ಯಾವ ಹೆಸರು ಹೋಗುತ್ತೆ, ಯಾವುದು ಹೋಗಲ್ಲ?

ಈ ಸರ್ವರ್‌ಗಳು ಒಂದು ವಸ್ತುವನ್ನು ಕಳಿಸುವಾಗ ಅದರ ಒಳಗಿನ ವೇರಿಯಬಲ್ ಹೆಸರುಗಳನ್ನು ಕಳಿಸುವುದಿಲ್ಲ. ಬೆಲೆಗಳನ್ನು ಒಂದು ಗೊತ್ತಾದ ಕ್ರಮದಲ್ಲಿ ಬರೆಯುತ್ತವೆ, ಆ ಕಡೆಯ ನೋಡ್ ಅದೇ ಕ್ರಮದಲ್ಲಿ ಓದುತ್ತದೆ. ಆದ್ದರಿಂದ ವೇರಿಯಬಲ್ ಹೆಸರು ಬದಲಾಯಿಸಿದರೆ ಏನೂ ಆಗುವುದಿಲ್ಲ. ಆದರೆ ಹೆಸರು ಬದಲಾಯಿಸುವ ಭರದಲ್ಲಿ ಸಾಲುಗಳನ್ನು ಅಕ್ಷರಮಾಲೆಯ ಪ್ರಕಾರ ಜೋಡಿಸಿಬಿಟ್ಟರೆ ಎಲ್ಲವೂ ಕೆಡುತ್ತದೆ.

ಹೋಗುವ ಹೆಸರುಗಳೂ ಇವೆ. ಪ್ರಶ್ನೆಯೊಳಗಿನ 'ಮ್ಯಾಚ್', 'ರೇಂಜ್' ಮುಂತಾದ ಬಗೆಗಳಿಗೆ ಒಂದೊಂದು ನೋಂದಾಯಿತ ಹೆಸರಿದೆ. ನೆಟ್‌ವರ್ಕ್ ಮೇಲೆ ಹೋಗುವುದು ಅದೇ, ಕ್ಲಾಸ್ ಹೆಸರಲ್ಲ. ಎಕ್ಸೆಪ್ಶನ್‌ಗಳಿಗೆ ಸಂಖ್ಯೆ ಇದೆ. ಒಂದು ಎಕ್ಸೆಪ್ಶನ್ ತೆಗೆದುಹಾಕಿದರೂ ಅದರ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬಾರದು. ಇನ್ನು ಕ್ರಿಯೆಗಳ ಹೆಸರು, 'ಇಂಡಿಸಸ್:ಡೇಟಾ/ರೀಡ್/ಸರ್ಚ್' ತರದವು. ಇವುಗಳಿಗೆ ಎರಡು ಕೆಲಸ. ನೋಡ್‌ಗಳು ಇದೇ ಹೆಸರಿನಿಂದ ಕರೆಯುತ್ತವೆ, ಭದ್ರತೆಯ ಪಾತ್ರಗಳಲ್ಲಿ ಅನುಮತಿ ಬರೆಯುವುದೂ ಇದೇ ಹೆಸರಿನಿಂದ. ಓಪನ್‌ಸರ್ಚ್‌ನ ಅಲರ್ಟಿಂಗ್ ಪ್ಲಗಿನ್‌ನಲ್ಲಿ ಈಗಲೂ 'ಕ್ಲಸ್ಟರ್:ಅಡ್ಮಿನ್/ಓಪನ್‌ಡಿಸ್ಟ್ರೋ/ಅಲರ್ಟಿಂಗ್' ಎಂದು ಶುರುವಾಗುವ ಹೆಸರುಗಳು ಉಳಿದಿವೆ. ಜನ ಇದನ್ನು ನೋಡಿ ಬದಲಾಯಿಸಲು ಮರೆತಿದ್ದಾರೆ ಎಂದುಕೊಳ್ಳುತ್ತಾರೆ. ಬದಲಾಯಿಸಿದ್ದರೆ ಅವರವರು ಬರೆದುಕೊಂಡ ಪಾತ್ರಗಳೆಲ್ಲ ಒಮ್ಮೆಲೇ ಅನುಮತಿ ಕಳೆದುಕೊಳ್ಳುತ್ತಿದ್ದವು.

ಅರ್ಧ ನೋಡ್ ಹಳೆಯದು, ಅರ್ಧ ಹೊಸದು ಇರುವಾಗ ಹೊಸ ಹೆಸರು ಹೇಗೆ ಕೆಲಸ ಮಾಡುತ್ತೆ?

ಮಾತಾಡುವಾಗ ಎದುರಿನವರ ವರ್ಷನ್ ನೋಡಿಕೊಂಡು ಮಾತಾಡಬೇಕು. ಓಪನ್‌ಸರ್ಚ್ 2.0ರ ನೋಡ್ ತನ್ನ ಪಾತ್ರ 'ಕ್ಲಸ್ಟರ್_ಮ್ಯಾನೇಜರ್' ಎಂದು ಹೇ‌ಳಿದರೆ 1.0 ಸಾಲಿನ ನೋಡ್‌ಗೆ ಅದು ಏನೆಂದೇ ತಿಳಿಯುವುದಿಲ್ಲ. ಹಾಗಾಗಿ ಹಳೆಯ ನೋಡ್‌ಗೆ ಕಳಿಸುವಾಗ ಅದಕ್ಕೆ ಗೊತ್ತಿರುವ 'ಮಾಸ್ಟರ್' ಪದವನ್ನೇ ಕಳಿಸಬೇಕು.

ಸೋಲರ್‌ನವರು ಇನ್ನೊಂದು ದಾರಿ ಹಿಡಿದರು, ನನಗೆ ಅದು ತುಂಬ ಇಷ್ಟ. ರೆಪ್ಲಿಕೇಶನ್‌ನ (ಒಂದು ಸರ್ವರ್‌ನ ಇಂಡೆಕ್ಸ್ ಇನ್ನೊಂದಕ್ಕೆ ನಕಲಾಗುವ ಕೆಲಸದ) ಮಾಸ್ಟರ್, ಸ್ಲೇವ್ ಪದಗಳು ಲೀಡರ್, ಫಾಲೋವರ್ ಆಗಬೇಕಿತ್ತು. ಎರಡೂ ಭಾಷೆ ಅರ್ಥವಾಗುವ ವರ್ಷನ್ 8.7ರಲ್ಲಿ ಬಂತು. 9.0ರಲ್ಲಿ ಹಳೆಯ ಪದಗಳು ಹೋದವು. ಕ್ಲಸ್ಟರ್ ನಿಲ್ಲಿಸದೆ 9.0ಗೆ ಹೋಗಬೇಕಿದ್ದರೆ ಮೊದಲು 8.7 ಅಥವಾ ಅದರ ನಂತರದ ವರ್ಷನ್‌ನಲ್ಲಿ ಇರಬೇಕು ಎಂದು ಬಿಡುಗಡೆಯ ಟಿಪ್ಪಣಿಯಲ್ಲೇ ಬರೆದರು. ಮೆಟ್ರಿಕ್ ಹೆಸರುಗಳೂ ಬದಲಾಗಿವೆ, ನಿಮ್ಮ ಅಲರ್ಟ್‌ಗಳನ್ನು ನೋಡಿಕೊಳ್ಳಿ ಎಂದೂ ಸೇರಿಸಿದರು. ಆ ಕೊನೆಯ ಸಾಲು ಬರೆಯುವಷ್ಟು ಕಾಳಜಿ ಎಲ್ಲರಿಗೂ ಇರುವುದಿಲ್ಲ.

ಓಪನ್‌ಸರ್ಚ್ 1.0 ಅಂದ್ರೆ ಸಂಖ್ಯೆಯಲ್ಲಿ 7.10ಕ್ಕಿಂತ ಕಡಿಮೆ. ಹಳೆಯದು ಅಂದುಕೊಳ್ಳಲ್ವಾ?

ಅಂದುಕೊಳ್ಳುತ್ತಿತ್ತು. ವರ್ಷನ್ ಸಂಖ್ಯೆಯೂ ಒಂದು ಹೆಸರೇ ತಾನೇ. ಒಳಗೆ 7.10.2 ಎನ್ನುವುದು 7100299 ಎಂಬ ಪೂರ್ಣಾಂಕ. 1.0.0 ಅದೇ ಲೆಕ್ಕದಲ್ಲಿ 1000099 ಆಗುತ್ತದೆ. ಹೋಲಿಸಿದರೆ ಕವಲು ಮೂಲಕ್ಕಿಂತ ಹಳೆಯದು ಎಂದು ಬರುತ್ತದೆ, ಅಪ್‌ಗ್ರೇಡ್ ಆಗುವುದೇ ಇಲ್ಲ. ಅದಕ್ಕೆ ಓಪನ್‌ಸರ್ಚ್‌ನವರು ತಮ್ಮ ವರ್ಷನ್ ಸಂಖ್ಯೆಗಳಲ್ಲಿ ಒಂದು ಮೇಲಿನ ಬಿಟ್ ಹಚ್ಚಿದರು. ಆ ಬಿಟ್‌ನ ಬೆಲೆ 134217728. ಹೀಗೆ 1.0.0 ಒಳಗೆ 135217827 ಆಯಿತು, ಎಲಾಸ್ಟಿಕ್‌ಸರ್ಚ್‌ನ ಎಲ್ಲ ಹಳೆಯ ಸಂಖ್ಯೆಗಳಿಗಿಂತ ದೊಡ್ಡದಾಯಿತು. ಇಂಡೆಕ್ಸ್ ಸೆಟ್ಟಿಂಗ್‌ನಲ್ಲಿ ಇಷ್ಟು ಉದ್ದದ ವರ್ಷನ್ ಕಂಡರೆ ಗಾಬರಿಯಾಗಬೇಡಿ, ಆ ಬಿಟ್ ಕಳೆದು ಓದಿ.

ಹೊರಗಿನ ಕ್ಲೈಂಟ್‌ಗಳಿಗೆ ಈ ಉಪಾಯ ಸಾಕಾಗಲಿಲ್ಲ. ಕೆಲವು ಉಪಕರಣಗಳು 7ರ ಸಂಖ್ಯೆ ಕಾಣದಿದ್ದರೆ ಓಡುವುದೇ ಇಲ್ಲ ಎನ್ನುತ್ತಿದ್ದವು. ಅವುಗಳಿಗಾಗಿ 1.0 ಸಾಲಿನಲ್ಲಿ 'ಕಂಪ್ಯಾಟಿಬಿಲಿಟಿ.ಓವರ್‌ರೈಡ್_ಮೇನ್_ರೆಸ್ಪಾನ್ಸ್_ವರ್ಷನ್' ಎಂಬ ಸೆಟ್ಟಿಂಗ್ ಕೊಟ್ಟರು. ಅದನ್ನು ಆನ್ ಮಾಡಿದರೆ ಸರ್ವರ್ ತನ್ನನ್ನು 7.10.2 ಎಂದು ಹೇಳಿಕೊಳ್ಳುತ್ತದೆ. ಎಲಾಸ್ಟಿಕ್‌ನ ಅಧಿಕೃತ ಕ್ಲೈಂಟ್‌ಗಳು 7.14ರಿಂದ ಸರ್ವರ್ ನಿಜಕ್ಕೂ ಎಲಾಸ್ಟಿಕ್‌ಸರ್ಚ್ ಹೌದಾ ಎಂದು ಪರಿಶೀಲಿಸಲು ಶುರು ಮಾಡಿದವು. ಆಗ ಈ ದಾರಿಯೂ ಮುಚ್ಚಿತು.

ಲೂಸೀನ್ ಕೋಡೆಕ್ ಕ್ಲಾಸ್ ಬೇರೆ ಪ್ಯಾಕೇಜ್‌ಗೆ ಹೋದರೂ ಹಳೆಯ ಇಂಡೆಕ್ಸ್ ಹೇಗೆ ತೆರೆಯುತ್ತೆ?

ಕೋಡೆಕ್ ಅಂದರೆ ಇಂಡೆಕ್ಸ್ ಕಡತಗಳನ್ನು ಬರೆಯುವ, ಓದುವ ಕೋಡ್. ಇಂಡೆಕ್ಸ್‌ನಲ್ಲಿ ಕ್ಲಾಸ್‌ನ ಪೂರ್ತಿ ಹೆಸರು ಇರುವುದಿಲ್ಲ, 'ಲೂಸೀನ್87' ಎಂಬಂಥ ಚಿಕ್ಕ ಹೆಸರು ಇರುತ್ತದೆ. ತೆರೆಯುವಾಗ ಜಾವಾದ ಸರ್ವಿಸ್ ಪಟ್ಟಿಯಲ್ಲಿ ಆ ಹೆಸರಿನವರು ಯಾರು ಎಂದು ಹುಡುಕಲಾಗುತ್ತದೆ. 2021ರ ಕೊನೆಗೆ ಬಂದ ಲೂಸೀನ್ 9.0ರಲ್ಲಿ, ಜಾವಾ ಮಾಡ್ಯೂಲ್ ವ್ಯವಸ್ಥೆಗೆ ಹೊಂದಲಿ ಎಂದು ಹಳೆಯ ಕೋಡೆಕ್‌ಗಳನ್ನು 'ಬ್ಯಾಕ್‌ವರ್ಡ್_ಕೋಡೆಕ್ಸ್' ಎಂಬ ಹೊಸ ಪ್ಯಾಕೇಜ್‌ಗೆ ಸಾಗಿಸಿದರು. ಚಿಕ್ಕ ಹೆಸರು ಬದಲಾಗಲಿಲ್ಲ, ಆದ್ದರಿಂದ ಇಂಡೆಕ್ಸ್‌ಗೆ ಏನೂ ಗೊತ್ತಾಗಲಿಲ್ಲ.

ಎಡವುವುದು ಆ ಸರ್ವಿಸ್ ಪಟ್ಟಿಯಲ್ಲೇ. ಅದು ಬರೀ ಪಠ್ಯದ ಕಡತ, ಅದರಲ್ಲಿ ಕ್ಲಾಸ್‌ನ ಪೂರ್ತಿ ಹೆಸರು ಬರೆದಿರುತ್ತದೆ. ಪ್ಯಾಕೇಜ್ ಬದಲಾಯಿಸಿ ಪಟ್ಟಿ ತಿದ್ದದಿದ್ದರೆ ಕಂಪೈಲ್ ಚೆನ್ನಾಗಿಯೇ ಆಗುತ್ತದೆ, ಇಂಡೆಕ್ಸ್ ಮಾತ್ರ ತೆರೆಯುವುದಿಲ್ಲ.

ಬಳಕೆದಾರರ ಸಂರಚನೆಯಲ್ಲೇ ಕ್ಲಾಸ್ ಹೆಸರು ಬರೆಯಬೇಕಾದರೆ ಏನು ಮಾಡೋದು?

ಸೋಲರ್ ಇದಕ್ಕೆ ಬಹಳ ಹಿಂದೆಯೇ ಚಂದದ ಉತ್ತರ ಕೊಟ್ಟಿದೆ. ಸ್ಕೀಮಾದಲ್ಲಿ (ಫೀಲ್ಡ್‌ಗಳನ್ನು ವಿವರಿಸುವ ಕಡತದಲ್ಲಿ) ಪೂರ್ತಿ ಪ್ಯಾಕೇಜ್ ಬದಲು 'ಸೋಲರ್.ಟೆಕ್ಸ್ಟ್‌ಫೀಲ್ಡ್' ಎಂದು ಬರೆದರೆ ಸಾಕು. ಶುರುವಿನ 'ಸೋಲರ್.' ಕಂಡಾಗ ಸರ್ವರ್ ತನಗೆ ಗೊತ್ತಿರುವ ಪ್ಯಾಕೇಜ್‌ಗಳಲ್ಲೆಲ್ಲ ಹುಡುಕುತ್ತದೆ. ಒಳಗೆ ಕ್ಲಾಸ್ ಮನೆ ಬದಲಾಯಿಸಿದರೂ ಸ್ಕೀಮಾ ಹಾಗೇ ಇರುತ್ತದೆ. ಪೂರ್ತಿ ಹೆಸರು ಬರೆದವರಿಗೆ ಈ ಅನುಕೂಲ ಸಿಗುವುದಿಲ್ಲ. ಪ್ಲಗಿನ್ ಬರೆದವರಿಗೂ ಸಿಗುವುದಿಲ್ಲ. ಓಪನ್‌ಸರ್ಚ್‌ಗಾಗಿ ಪ್ರತಿ ಪ್ಲಗಿನ್ ಅನ್ನೂ ಮತ್ತೆ ಕಂಪೈಲ್ ಮಾಡಬೇಕಾಯಿತು.

ಏನೂ ಮುರಿದಿಲ್ಲ ಅಂತ ಪರೀಕ್ಷೆ ಮಾಡೋದು ಹೇಗೆ?

ಹಳೆಯ ವರ್ಷನ್‌ನಿಂದ ನಿಜವಾಗಿ ಬರೆಸಿದ ಡೇಟಾ ಇಟ್ಟುಕೊಳ್ಳಿ. ಲೂಸೀನ್‌ನ ಕೋಡ್ ಭಂಡಾರದಲ್ಲಿ ಹಿಂದಿನ ಬಿಡುಗಡೆಗಳು ಬರೆದ ಇಂಡೆಕ್ಸ್‌ಗಳ ಜಿಪ್ ಕಡತಗಳಿವೆ, ಹೊಸ ಕೋಡ್ ಅವನ್ನು ತೆರೆದು ಓದಲೇಬೇಕು. ಇವತ್ತಿನ ಕೋಡ್‌ನಿಂದಲೇ ಬರೆದು ಇವತ್ತಿನ ಕೋಡ್‌ನಿಂದಲೇ ಓದುವ ಪರೀಕ್ಷೆಯಿಂದ ಇಲ್ಲಿ ಪ್ರಯೋಜನವಿಲ್ಲ. ಎರಡೂ ಕಡೆ ಹೆಸರು ಒಟ್ಟಿಗೆ ಬದಲಾಗಿರುತ್ತದೆ, ಪರೀಕ್ಷೆ ಪಾಸ್ ಆಗುತ್ತದೆ. ಮತ್ತೆ, ಪರೀಕ್ಷೆಯಲ್ಲಿ ನಿರೀಕ್ಷಿತ ಪದವನ್ನು ಕೋಡ್‌ನ ಸ್ಥಿರದಿಂದ ತೆಗೆದುಕೊಳ್ಳಬೇಡಿ. ಅಕ್ಷರ ಅಕ್ಷರವಾಗಿ ಕೈಯಿಂದ ಬರೆಯಿರಿ.

ಹಳೆಯ ಹೆಸರನ್ನು ಕೊನೆಗೆ ಯಾವಾಗ ತೆಗೆಯಬಹುದು?

ಒಂದು ದೊಡ್ಡ ವರ್ಷನ್‌ನಲ್ಲಿ ಎಚ್ಚರಿಕೆ, ಮುಂದಿನದರಲ್ಲಿ ತೆಗೆಯುವುದು ರೂಢಿ. ಬೇರು ಆಳಕ್ಕೆ ಹೋಗಿದ್ದರೆ ಅದೂ ಸಾಲದು. ಎಲಾಸ್ಟಿಕ್‌ಸರ್ಚ್‌ನ ಮ್ಯಾಪಿಂಗ್ 'ಟೈಪ್' (ಒಂದೇ ಇಂಡೆಕ್ಸ್‌ನೊಳಗೆ ದಾಖಲೆಗಳನ್ನು ಬಗೆಬಗೆಯಾಗಿ ವಿಂಗಡಿಸುತ್ತಿದ್ದ ಹೆಸರು) ತೆಗೆಯಲು 2017ರ 6.0ರಿಂದ 2022ರ 8.0ರವರೆಗೆ ಬೇಕಾಯಿತು. 8.0ಗೆ ಹೋದವರಿಗೂ ವಿನಂತಿಯ ಹೆಡರ್‌ನಲ್ಲಿ 'ನನ್ನ ಜೊತೆ 7ರ ಹಾಗೆ ಮಾತಾಡು' ಎಂದು ಕೇಳುವ ಅವಕಾಶ ಕೊಟ್ಟರು.

ಡಿಸ್ಕ್ ಮೇಲಿನ ಹೆಸರಿಗೆ ಇನ್ನೂ ಒಳ್ಳೆಯ ಅಳತೆಗೋಲು ಇದೆ. ಇಂಡೆಕ್ಸ್ ಯಾವ ವರ್ಷನ್‌ನಲ್ಲಿ ಹುಟ್ಟಿತು ಎನ್ನುವುದು ಅದರ ಜೊತೆಗೇ ಬರೆದಿರುತ್ತದೆ, ಅದನ್ನು ನೋಡಿ ತೀರ್ಮಾನ ಮಾಡಬಹುದು. 'ಡಿಲಿಮಿಟೆಡ್_ಪೇಲೋಡ್_ಫಿಲ್ಟರ್' ಎಂಬ ಟೋಕನ್ ಫಿಲ್ಟರ್ 6.2ರಲ್ಲಿ 'ಡಿಲಿಮಿಟೆಡ್_ಪೇಲೋಡ್' ಆಯಿತು. 7.0ರಲ್ಲಿ ಹೊಸದಾಗಿ ಮಾಡುವ ಇಂಡೆಕ್ಸ್‌ನಲ್ಲಿ ಹಳೆಯ ಹೆಸರು ಬರೆದರೆ ದೋಷ. ಆದರೆ 7.0ಕ್ಕಿಂತ ಮೊದಲು ಹುಟ್ಟಿದ ಇಂಡೆಕ್ಸ್‌ನಲ್ಲಿ ಅದೇ ಹೆಸರಿದ್ದರೆ ಬರೀ ಎಚ್ಚರಿಕೆ, ಇಂಡೆಕ್ಸ್ ಎಂದಿನಂತೆ ತೆರೆಯುತ್ತದೆ. ಆ ಹಳೆಯ ಇಂಡೆಕ್ಸ್‌ಗಳನ್ನು ಓದುವುದೇ ನಿಂತ ವರ್ಷನ್‌ನಲ್ಲಿ ಹಳೆಯ ಹೆಸರಿನ ಸಾಲನ್ನು ಕೋಡ್‌ನಿಂದ ಅಳಿಸಿದರೂ ಯಾರಿಗೂ ತೊಂದರೆಯಾಗುವುದಿಲ್ಲ.